ಅರ್ಜಿಯಲ್ಲಿ ಕೇಳಿದ್ದಷ್ಟೂ

ಅರ್ಜಿ ಬರೆಸುವುದರಲ್ಲಿ ಯಲ್ದೂರಿನ ಗಂಗುಲಪ್ಪನದು ಪಳಗಿದ ಕೈ. ಒಂದು ಬೋರ್‌ವೆಲ್ ಬೇಕಿದ್ದರೆ ಎರಡು ಕೇಳಬೇಕು, ಹತ್ತಡಿ ದಾರಿ ಬೇಕಿದ್ದರೆ ಇಪ್ಪತ್ತಡಿ ಬರೆಸಬೇಕು. ಅರ್ಧ ಹೊಡೆದುಹಾಕದೆ ಸಹಿ ಮಾಡಿದ ಸಾಹೇಬರನ್ನು ಅವನು ತಾಲ್ಲೂಕು ಕಚೇರಿಯಲ್ಲಿ ಕಂಡಿರಲಿಲ್ಲ. ಈ ಉಪಾಯದಿಂದ ಊರಿಗೆ ಅವನು ಮಾಡಿಸಿಕೊಟ್ಟ ಕೆಲಸ ಒಂದೆರಡಲ್ಲ.

ಮಗಳು ಗಂಗಾಲಕ್ಷ್ಮಿ ಶ್ರೀನಿವಾಸಪುರದ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಾಗಲೂ ಅವನು ಹಿಡಿದದ್ದು ಅರ್ಜಿಯನ್ನೇ. ಬಿದ್ದವಳನ್ನು ಎತ್ತುವುದು ಬಿಟ್ಟು ಯಾರೋ ಪುಣ್ಯಾತ್ಮ ಅವಳ ಕೊನೆಯ ನಾಲ್ಕು ನಿಮಿಷವನ್ನು ಮೊಬೈಲಿನಲ್ಲಿ ಹಿಡಿದು ಒಂದು ವಿದೇಶಿ ಕಂಪನಿಯ ಆಪ್‌ಗೆ ಹಾಕಿದ್ದ. ಲಕ್ಷಗಟ್ಟಲೆ ಜನ ನೋಡಿದರು. ಹೆಂಡತಿ ಶಾಮಲಮ್ಮ ನೋಡಲಿಲ್ಲ. ಅವಳು ದಿನವೂ ನೋಡುತ್ತಿದ್ದದ್ದು, ಗಂಗಾ ಬದುಕಿದ್ದಾಗ ಅದೇ ಕಂಪನಿಯ ಆಪ್‌ನಲ್ಲಿ ಹಾಕಿದ್ದ ಅಡುಗೆಯ ವಿಡಿಯೋಗಳನ್ನು. ಬಸ್ಸಾರಿಗೆ ಖಾರ ರುಬ್ಬುತ್ತಾ ಅಮ್ಮನನ್ನು ರೇಗಿಸಿ ನಗುವ ಗಂಗಾ. ಗಂಗಾಳ ಫೋನು ಲಾರಿಯಡಿ ಪುಡಿಯಾಗಿತ್ತು. ಆ ನಗು ಇನ್ನೆಲ್ಲೂ ಉಳಿದಿರಲಿಲ್ಲ. ಅದನ್ನು ನೋಡಲು ಹೋದಾಗೆಲ್ಲ ಕೆಳಗೆ ಸಾವಿನ ವಿಡಿಯೋ ಇಣುಕುತ್ತಿತ್ತು, ಶಾಮಲಮ್ಮ ಫೋನನ್ನು ಮಗುಚಿಟ್ಟು ಎದ್ದುಹೋಗುತ್ತಿದ್ದಳು.

ಆ ಸಾವಿನ ವಿಡಿಯೋ ತೆಗೆಯಿರಿ ಎಂದು ಗಂಗುಲಪ್ಪ ಬರೆದರೆ, ತಮ್ಮ ದೇಶದ ಕಾನೂನಿನಂತೆ ಅದರಲ್ಲಿ ತಪ್ಪೇನಿಲ್ಲ ಎಂದು ಕಂಪನಿ ಉತ್ತರ ಕೊಟ್ಟಿತು.

"ನಮ್ಮೂರಲ್ಲಿ ಅಂಗಡಿ ಇಟ್ಕೊಂಡೋನು ನಮ್ಮ ಕಾನೂನು ಕೇಳ್ಬೇಕಾ ಬೇಡ್ವಾ ಸಾರ್?" ಎಂದು ಗಂಗುಲಪ್ಪ ವಕೀಲ ಅಮರನಾಥ್ ಮುಂದೆ ಕೂತ. "ನನ್ ಮಗಳಿರೋ ಎಲ್ಲಾ ವಿಡಿಯೋನೂ ತೆಗೀಬೇಕು ಅಂತ ಬರೀರಿ."

"ಎಲ್ಲಾನೂನಾ?"

"ಬರೀರಿ ಸಾರ್. ಹೆಂಗಿದ್ರೂ ಅರ್ಧ ಹೊಡೆದಾಕ್ತಾರೆ. ಆ ಒಂದು ಹೋದ್ರೆ ನಮ್ಗೆ ಸಾಕು."

ಹದಿನಾಲ್ಕು ತಿಂಗಳು ಅಲೆದ. ಕೊನೆಗೆ ನ್ಯಾಯಾಧೀಶರು, ಇಲ್ಲಿ ವ್ಯಾಪಾರ ಮಾಡುವವರು ಇಲ್ಲಿಯ ಕಾನೂನಿಗೆ ತಲೆಬಾಗಲೇಬೇಕು ಎಂದು ಆದೇಶ ಕೊಟ್ಟರು. ಶ್ರೀನಿವಾಸಪುರದ ಕೋರ್ಟಿನ ಮಾತನ್ನು ಸಮುದ್ರದಾಚೆಯವರು ಕೇಳಬೇಕಾಯಿತಲ್ಲ ಎಂದು ಗಂಗುಲಪ್ಪ ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಂಡು ಬಂದ.

ಮೂರನೆಯ ದಿನ ಬೆಳಿಗ್ಗೆ ಶಾಮಲಮ್ಮ ಫೋನು ತಂದು ಅವನ ಕೈಗಿಟ್ಟಳು. "ಗಂಗಾ ಕಾಣ್ತಿಲ್ಲ, ಒಸಿ ನೋಡಿ."

ಸಾವಿನ ವಿಡಿಯೋ ಇರಲಿಲ್ಲ. ಬಸ್ಸಾರಿನದೂ ಇರಲಿಲ್ಲ. ಒಂದೂ ಇರಲಿಲ್ಲ. ನ್ಯಾಯಾಧೀಶರು ಅರ್ಜಿಯಲ್ಲಿ ಏನನ್ನೂ ಹೊಡೆದುಹಾಕಿರಲಿಲ್ಲ, ಅಷ್ಟು ದಿನ ಮೊಂಡು ಹಿಡಿದಿದ್ದ ಕಂಪನಿ ಆದೇಶವನ್ನು ಅಕ್ಷರಶಃ ಪಾಲಿಸಿತ್ತು. ಎದ್ದೂ ಬಿದ್ದೂ ಓಡಿದವನಿಗೆ ಅಮರನಾಥ್ ಕಂಪನಿಯ ಪತ್ರ ಓದಿ ಹೇಳಿದರು. "ಪೂರ್ತಿ ಅಳಿಸಿಬಿಟ್ಟಿದಾರೆ ಗಂಗುಲಪ್ಪ. ವಾಪಸ್ ಬರಲ್ವಂತೆ. ನಾವು ಕೇಳಿದ್ದನ್ನೇ ಮಾಡಿದಾರೆ."

ಮನೆಗೆ ಬಂದು ಹೆಂಡತಿಯ ಪಕ್ಕ ಕುಸಿದು ಕೂತ. ಮುಚ್ಚಿಡಲು ಮನಸ್ಸು ಬರಲಿಲ್ಲ. "ಎಲ್ಲಾನೂ ತೆಗೀರಿ ಅಂತ ಬರೆಸಿದ್ದು ನಾನೇ ಕಣೇ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಕೇಳಿದ್ದು ಇಷ್ಟೇ: "ಅವಳು ನಗೋದು ಹೆಂಗಿತ್ತು, ಒಂದ್ಸಲ ಹೇಳಿ. ನಂಗೆ ಈಗ್ಲೇ ಮರೆತೋಗ್ತಾ ಇದೆ."

ಗಂಗುಲಪ್ಪ ಕಣ್ಣು ಮುಚ್ಚಿದ. ಕೋರ್ಟಿಗೆ ನಿಮಿಷ ನಿಮಿಷದ ವಿವರ ಬೇಕೆಂದು ಆ ನಾಲ್ಕು ನಿಮಿಷವನ್ನು ಅವನು ವಕೀಲರ ಮುಂದೆ ಹನ್ನೊಂದು ಸಲ ನೋಡಿದ್ದ. ಎಷ್ಟು ಹುಡುಕಿದರೂ ನಗು ಸಿಗಲಿಲ್ಲ. ರಸ್ತೆಯ ಮೇಲೆ ಬಿದ್ದವಳು ಅಪ್ಪಾ, ಅಪ್ಪಾ ಎಂದು ಕರೆಯುವುದೊಂದೇ ಕಿವಿಯಲ್ಲಿತ್ತು.

"ನಂಗೂ ನೆನಪಾಗ್ತಿಲ್ಲ" ಎಂದ.