ಮೊದಲು ಏನು ಮಾಡುತ್ತೀರಿ?

"ಏ ಹಲ್ಲಿ, ಸತ್ತ್ಯಾ, ಬದುಕಿದ್ಯಾ? ವೈರ್ ಎಳಿಯೇ ಅಂದ್ರೆ ಅಲ್ಲೇ ಮೊಟ್ಟೆ ಇಡ್ತಾ ಕೂತಿದೀಯೇನೇ ಮುಂಡೆ?"

ಸೂಪರ್‌ವೈಸರ್ ಕೆಳಗಿನಿಂದ ಕೋಲೆತ್ತಿ ಸೀಲಿಂಗಿಗೆ ತಿವಿದ. ಅವಳ ಮೂಗಿನ ಹತ್ತಿರದ ಹಲಗೆ ಒಮ್ಮೆ ನೆಗೆದು ಕೂತಿತು. ಕಣ್ಣಿಗೆ ಧೂಳು ಬಿತ್ತು. ಕಬ್ಬಿಣದ ತೊಲೆಯ ಮೇಲೆ ಬೋರಲಾಗಿ ಮಲಗಿದ್ದ ಅವಳು ಹಲ್ಲಿನಲ್ಲಿ ಕೇಬಲಿನ ತುದಿ ಕಚ್ಚಿಕೊಂಡಿದ್ದರಿಂದ ಉತ್ತರ ಕೊಡಲಿಲ್ಲ. ಬಾಯಿ ಖಾಲಿಯಿದ್ದರೂ ಕೊಡುತ್ತಿರಲಿಲ್ಲ.

ದೊಡ್ಡ ಕಚೇರಿಗಳ ಕಂಪ್ಯೂಟರುಗಳಿಗೆ ಸೀಲಿಂಗಿನ ಮೇಲಿಂದ ಕೇಬಲ್ ಹಾಯಿಸುವುದು ಅವಳ ಕೆಲಸ. ಮೈಯಲ್ಲಿ ಮೂಳೆ ಬಿಟ್ಟರೆ ಬೇರೇನಿಲ್ಲ, ಎಂಥ ಸಂದಿಯಲ್ಲೂ ತೂರುತ್ತಾಳೆ. ಅದಕ್ಕೇ ಹಲ್ಲಿ. ಹಾಜರಿ ಪುಸ್ತಕದಲ್ಲೂ ಹಾಗೇ ಬರೆದುಕೊಂಡಿದ್ದಾರೆ.

"ಇವರನ್ನೆಲ್ಲ ರಜಾ ದಿನ ಕರೆಸಕ್ಕಾಗಲ್ವೇನ್ರೀ? ಟೀಗೆಲ್ಲ ಕಸ ಬೀಳ್ತಿದೆ," ಅಂದ ಕೆಳಗಿದ್ದ ಒಬ್ಬ ಅಧಿಕಾರಿ, ಲೋಟದ ಮೇಲೆ ಅಂಗೈ ಮುಚ್ಚಿಕೊಂಡು. ಸೂಪರ್‌ವೈಸರ್ ಹಲ್ಲು ಗಿಂಜಿದ.

ಸೀಲಿಂಗಿನವರು ಕಚೇರಿಯವರ ಜೊತೆ ಮಾತಾಡಕೂಡದು. ಏನಿದ್ದರೂ ಸೂಪರ್‌ವೈಸರಿಗೆ ಹೇಳಬೇಕು, ಅವನು ಅವರಿಗೆ ಹೇಳುತ್ತಾನೆ. ಹೋದ ವರ್ಷ ಅವಳು ಏಣಿ ಇಳಿಯುತ್ತಾ ಒಬ್ಬ ಗುಮಾಸ್ತೆಗೆ, "ಅಕ್ಕಾ, ನಿಮ್ ವೈರು ಸಡಿಲ ಆಗಿದೆ," ಅಂದುಬಿಟ್ಟಿದ್ದಳು. ಸೂಪರ್‌ವೈಸರ್ ಎಲ್ಲರೆದುರು ಕಿವಿ ಹಿಡಿಸಿ ಕ್ಷಮೆ ಕೇಳಿಸಿದ. ಗುಮಾಸ್ತೆ ಫೋನಿನಿಂದ ತಲೆ ಎತ್ತಲಿಲ್ಲ. ಆಮೇಲೆ ಅವಳ ನಾಲಿಗೆಗೆ ಬೀಗ ಬಿತ್ತು.

ಆ ಕಚೇರಿಯ ಒಂದು ಮೂಲೆಯಲ್ಲಿ ಒಂದು ಮೇಜು, ಒಂದು ಕುರ್ಚಿ ಇವೆ. ಯಾರ ಕಂಪ್ಯೂಟರ್ ಕೆಟ್ಟರೂ ಅಲ್ಲಿ ಕೂತವರು ಸರಿಮಾಡಬೇಕು. ಕಂಪ್ಯೂಟರ್ ರಿಪೇರಿಯ ಮೊದಲ ಹಂತದ ಪರೀಕ್ಷೆ ಪಾಸಾಗಿ ಸರ್ಟಿಫಿಕೇಟ್ ತಂದವರಿಗೆ ಆ ಕುರ್ಚಿ ಅಂತ ಕಂಪನಿ ನೋಟಿಸು ಹಚ್ಚಿತ್ತು. ಕುರ್ಚಿ ಸಿಕ್ಕರೆ ಅವಳು ಮತ್ತೆ ಏಣಿ ಹತ್ತಬೇಕಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಗಂಡನೂ ಸೀಲಿಂಗಿನವನೇ. ಎರಡು ವರ್ಷದ ಹಿಂದೆ ಹಲಗೆ ಮುರಿದು ಯಾರದೋ ಮೇಜಿನ ಮೇಲೆ ಬಿದ್ದಿದ್ದ. ಮೇಜಿಗೇನೂ ಆಗಲಿಲ್ಲ. ಇವನ ಸೊಂಟ ಹೋಯಿತು. ಈಗ ಮಂಚದ ಮೇಲೆ ಅಂಗಾತ ಮಲಗಿ, ಜೆರಾಕ್ಸ್ ಪುಸ್ತಕವನ್ನು ಮುಖದ ಮೇಲೆ ಹಿಡಿದು, ಸಂಜೆ ಅವಳು ಪಾತ್ರೆ ತಿಕ್ಕುವಾಗ ಪ್ರಶ್ನೆ ಕೇಳುತ್ತಿದ್ದ.

"ಮಿಷನ್ ಆನ್ ಆಗತ್ತೆ, ಬೀಪ್ ಬೀಪ್ ಅನ್ನತ್ತೆ, ಪರದೆ ಕಪ್ಪು. ಏನು?"

"ಮೆಮೊರಿ ಸರಿಯಾಗಿ ಕೂತಿಲ್ಲ."

"ಭೇಷ್. ನೆಟ್‌ವರ್ಕಲ್ಲಿ ಪ್ರತಿ ಮಿಷನ್ನಿಗೂ ಏನಿರಬೇಕು?"

"ವಿಳಾಸ."

"ನೋಡೇ, ಡಬ್ಬಕ್ಕೂ ವಿಳಾಸ ಇದೆ. ನಮ್ ಓಣಿಗೆ ಪೋಸ್ಟ್‌ಮ್ಯಾನ್ ಬಂದು ಎಷ್ಟು ವರ್ಷ ಆಯ್ತೇ?"

"ಮುಂದಿಂದು ಕೇಳ್ರೀ, ಸುಮ್ನೆ."

ಏಳು ತಿಂಗಳು ಹೀಗೇ ನಡೆಯಿತು. ಕೇಬಲಿನ ಎಂಟು ಬಣ್ಣಗಳ ಸಾಲು ಅವಳಿಗೆ ಕಣ್ಣು ಮುಚ್ಚಿದರೂ ಬರುತ್ತಿತ್ತು, ಉಳಿದದ್ದನ್ನು ಅವನು ರುಬ್ಬಿ ರುಬ್ಬಿ ತಲೆಗೆ ಇಳಿಸಿದ. ಕೊನೆಯ ಪಾಠದ ಹೆಸರು 'ಗ್ರಾಹಕರೊಂದಿಗೆ ಮಾತುಕತೆ'. ಮಾತಾಡೋದನ್ನೂ ಓದ್ತಾರೇನೇ, ಅಂತ ನಕ್ಕು ಅವನು ಪುಸ್ತಕ ಮುಚ್ಚಿದ. ಅವಳಿಗೂ ಅದು ಸರಿ ಅನ್ನಿಸಿತು.

ಪರೀಕ್ಷೆಯ ದಿನ ಬಾಗಿಲಲ್ಲಿದ್ದವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಕ್ಲೀನಿಂಗ್ ಮಧ್ಯಾಹ್ನದ ಮೇಲೆ ಕಣಮ್ಮಾ. ಈಗ ಪರೀಕ್ಷೆ ನಡೀತಿದೆ."

ಅವಳು ಚೀಟಿ ತೋರಿಸಿದಳು. ಅವನು ಅದನ್ನು ಎರಡು ಸಲ ಓದಿದ, ತಿರುಗಿಸಿ ಹಿಂಬದಿಯನ್ನೂ ನೋಡಿದ. "ತಲೆ ತುಂಬಾ ಧೂಳು, ಒದರ್ಕೊಂಡು ಬಾ ಹೋಗು, ಒಳಗೆ ಎಸಿ ಇದೆ." ಅವಳು ರಸ್ತೆಗೆ ಹೋಗಿ ತಲೆ ಒದರಿಕೊಂಡು ಬಂದಳು. ಅವಮಾನ ಆಗಬೇಕಿತ್ತು, ಆಗಲಿಲ್ಲ. ಆಗುವ ಜಾಗ ಯಾವತ್ತೋ ಮರಗಟ್ಟಿಹೋಗಿತ್ತು.

ಒಂದೂವರೆ ತಾಸಿನಲ್ಲಿ ಮುಗಿಯಿತು. ಫಲಿತಾಂಶ ಪರದೆಯ ಮೇಲೆ ಆಗಲೇ ಬಂತು: ಅನುತ್ತೀರ್ಣ.

ಮನೆಯಲ್ಲಿ ಗಂಡ ಅಂಕಪಟ್ಟಿಯನ್ನು ಮುಖದ ಮೇಲೆ ಹಿಡಿದುಕೊಂಡ. "ಕೇಬಲಲ್ಲಿ ಪೂರ್ತಿ. ರಿಪೇರಿಲೂ ಪೂರ್ತಿ ಕಣೇ! ಮಾತುಕತೇಲಿ ಸೊನ್ನೆ. ಒಂದು ಭಾಗ ಹೋದ್ರೂ ಫೇಲಂತೆ. ಏನ್ ಕೇಳಿದ್ರು?"

"ಒಬ್ರು ಬಂದು ಕಂಪ್ಯೂಟರ್ ಕೆಲಸ ಮಾಡ್ತಿಲ್ಲ ಅಂತಾರೆ. ಮೊದಲು ಏನು ಮಾಡ್ತೀರಿ, ಅಂತ."

"ಏನ್ ಒತ್ದೆ?"

"ಸೂಪರ್‌ವೈಸರಿಗೆ ಹೇಳ್ತೀನಿ ಅಂತ ಇತ್ತು. ಅದನ್ನೇ. ಅಂಥವು ಐದು ಬಂದಿದ್ವು, ಐದಕ್ಕೂ ಅದನ್ನೇ ಒತ್ದೆ."

ಅವನು ಪುಸ್ತಕದ ಕೊನೆಯ ಪಾಠ ತೆಗೆದು, ಬೆರಳಿಟ್ಟು ಓದಿದ. 'ಏನಾಗುತ್ತಿದೆ, ಯಾವಾಗಿನಿಂದ, ಎಂದು ಅವರನ್ನೇ ವಿನಯದಿಂದ ಕೇಳಬೇಕು.' ಪುಸ್ತಕ ಮುಚ್ಚಿ ಎದೆಯ ಮೇಲಿಟ್ಟುಕೊಂಡ.

"ನಾನಾಗಿದ್ರೂ ಅದನ್ನೇ ಒತ್ತಿರ್ತಿದ್ದೆ ಕಣೇ," ಅಂದ.

ಮರುದಿನ ಸೂಪರ್‌ವೈಸರ್ ಅಂಕಪಟ್ಟಿಯನ್ನು ಕೆಲಸಗಾರರಿಗೆಲ್ಲ ಗಟ್ಟಿಯಾಗಿ ಓದಿ ಹೇಳಿದ. "ಬಾಯಿ ಬಾರದ ಮೂದೇವಿಗೆ ಕುರ್ಚಿ ಬೇಕಂತೆ! ಆ ಕಾಗದ ಇಲ್ದೆ ನಿನ್ನ ಯಾವ ನನ್ಮಗ ಕೂರಿಸ್ತಾನೆ? ಹತ್ತು ಮೇಲೆ." ತನ್ನ ಕೋಟು ಬಿಚ್ಚಿ ಆ ಕುರ್ಚಿಗೆ ಹಾಕಿದ. ಅವಳು ಏಣಿ ಹತ್ತಿದಳು.

ಅವತ್ತೇ ಹನ್ನೊಂದು ಗಂಟೆಗೆ ದೊಡ್ಡ ಸಾಹೇಬರ ಸಭೆ ಶುರುವಾಗಿ, ಐದೇ ನಿಮಿಷಕ್ಕೆ ಸಂಪರ್ಕ ಕಡಿದುಹೋಯಿತು. ದೂರದೂರಿನವರೆಲ್ಲ ಪರದೆಯ ಮೇಲೆ ಬಾಯಿ ತೆರೆದಂತೆಯೇ ನಿಂತುಬಿಟ್ಟರು. ಅವಳು ತೆವಳಿಕೊಂಡು ಆ ಕೋಣೆಯ ನೆತ್ತಿಗೆ ಬಂದಳು. ಇಲಿ ಕಡಿದಿದ್ದ ಜಾಗ ಕೈಗೆ ಸಿಕ್ಕಿತು. ಕತ್ತರಿಸಿ ಹೊಸ ತುದಿ ಕಟ್ಟಿದಳು. ಇನ್ನು ಸಿಗಿಸುವುದೊಂದೇ ಬಾಕಿ.

"ಏ ಹಲ್ಲಿ, ಬೇಗ ಆಗ್ಲಿ!" ಕೋಲು ತಿವಿಯಿತು.

ಅವಳು ಹಲಗೆ ಸರಿಸಿದಳು. ಮುಖ ಕೆಳಗೆ ಚಾಚಿದಳು. ಧೂಳು ಮೇಜಿನ ಮೇಲೆ ಉದುರಿತು.

"ಸಾರ್," ಅಂದಳು ದೊಡ್ಡ ಸಾಹೇಬರಿಗೆ. ಧ್ವನಿ ಏರಲಿಲ್ಲ, ನಡುಗಲೂ ಇಲ್ಲ. "ನಿಮ್ಮ ಕಂಪ್ಯೂಟರಿಗೆ ಏನಾಗಿದೆ? ಯಾವಾಗಿಂದ?"

"ಬಾಯ್ ಮುಚ್ಚೇ ಬೋಳಿ!" ಸೂಪರ್‌ವೈಸರ್ ಕೂಗಿದ.

ಸಾಹೇಬರು ಅವನ ಕಡೆ ತಿರುಗಿದರು. "ಏನಂತ್ರೀ ಇವಳದು?"

"ಅವನ್ನಲ್ಲ ಸಾರ್, ನಿಮ್ಮನ್ನ ಕೇಳ್ತಿರೋದು. ನಂಗೆ ಹೇಳಿ."

ಸೂಪರ್‌ವೈಸರ್ ಏಣಿ ತರಲು ಓಡಿದ. ಕೇಬಲಿನ ತುದಿ ಅವಳ ಕೈಯಲ್ಲಿತ್ತು, ಸಿಗಿಸಬೇಕಾದ ಜಾಗ ಒಂದು ಗೇಣು ದೂರ. ಮೇಜಿನ ಸುತ್ತ ಕೂತವರೆಲ್ಲ ಕತ್ತೆತ್ತಿ ಅವಳನ್ನೇ ನೋಡುತ್ತಿದ್ದರು. ಸಾಹೇಬರು ತನಗೇ ಹೇಳುವವರೆಗೂ ಅವಳು ಸಿಗಿಸುವವಳಲ್ಲ.