ಗೇಮಿಂಗ್ ಸೆಂಟರ್‌ನ ಮಹಜರು

ಕೆಂಗೇರಿ ಉಪನಗರದ ನಿವೃತ್ತ ಬ್ಯಾಂಕ್ ಅಧಿಕಾರಿ ವಿಶ್ವಾರಾಧ್ಯರು ಪಾಲಿಕೆಗೆ ದೂರು ಕೊಡುವುದನ್ನು ಲಿಂಗಪೂಜೆಯಷ್ಟೇ ನಿಷ್ಠೆಯಿಂದ, ಫಲದ ಆಸೆಯಿಲ್ಲದೆ ನಡೆಸಿಕೊಂಡು ಬಂದಿದ್ದರು. ಮೋರಿಗೆ ಯಾರೂ ಬರಲಿಲ್ಲ, ಬೀದಿದೀಪಕ್ಕೂ ಬರಲಿಲ್ಲ. ಹೀಗಾಗಿ ಪಕ್ಕದ ಮಳಿಗೆಯ ಶಶಿಕಲಾಳ ಗೇಮಿಂಗ್ ಸೆಂಟರ್‌ಗೆ ಬರುವ ಹುಡುಗರು ತಮ್ಮ ಗೇಟಿಗೆ ಅಡ್ಡ ಬೈಕ್ ನಿಲ್ಲಿಸಿದ ದಿನ, ಹೆಸರು ಹೇಳದೆ ಇನ್ನೊಂದು ಫೋನ್ ಮಾಡಿದಾಗಲೂ ಅವರಿಗೆ ಯಾವ ನಿರೀಕ್ಷೆಯೂ ಇರಲಿಲ್ಲ.

ಬಂದರು. ಅದೇ ವಾರ, ಜೀಪಿನಲ್ಲಿ.

ಲೈಸೆನ್ಸ್ ಇದ್ದದ್ದು ಜೆರಾಕ್ಸ್, ಬ್ರೌಸಿಂಗಿಗೆ. ಒಳಗಿದ್ದದ್ದು ಸಾಲು ಟೀವಿ, ಅವುಗಳ ಮುಂದೆ ಒದರಾಡುವ ಹುಡುಗರು. ಪಾಲಿಕೆಯ ಇನ್‌ಸ್ಪೆಕ್ಟರ್ ಚನ್ನವೀರೇಶ್ ಎಲ್ಲರನ್ನೂ ಹೊರಗೆ ಕಳಿಸಿ ಷಟರ್ ಎಳೆಸಿದರು. ಬೀಗಮುದ್ರೆಗೆ ಮಹಜರು ಬೇಕು; ಮಹಜರಿಗೆ ಬೀದಿಯ ಇಬ್ಬರು ಸಾಕ್ಷಿ ಬೇಕು.

“ವಿಶ್ವಾರಾಧ್ಯ ಸಾರ್‌ನ ಕರೀರಿ, ನಮ್ಮೋರು,” ಎಂದಳು ಶಶಿಕಲಾ.

ನಮ್ಮೋರು ಶಲ್ಯ ಹೊದ್ದು ಬಂದರು. ಎದುರಿನ ಖಾಲಿ ಸೈಟಿನಲ್ಲಿ ಇಸ್ತ್ರಿ ಗಾಡಿ ಇಟ್ಟಿದ್ದ ಮುನಿರಾಜುವನ್ನೂ ಕರೆದದ್ದಾಯಿತು. ಅವನು ತಲೆಯೆತ್ತಲಿಲ್ಲ.

“ನಂಗೇನೂ ಗೊತ್ತಿಲ್ಲ ಸಾರ್. ಕೆಂಡ ಆರೋಗುತ್ತೆ.”

ಅವನ ಬದಲು ಹಾಲಿನ ಬೂತಿನವನು ಬಂದ.

“ಈ ಅಂಗಡಿಯಿಂದ ನಿಮಗೇನಾದ್ರೂ ತೊಂದ್ರೆ ಇದ್ಯಾ?” ಚನ್ನವೀರೇಶ್ ಕೇಳಿದರು.

ಶಶಿಕಲಾ ನೋಡುತ್ತಿದ್ದಳು. “ಛೆ, ಎಂಥ ತೊಂದ್ರೆ?” ಎಂದರು ವಿಶ್ವಾರಾಧ್ಯರು. “ಮಕ್ಕಳು, ಆಡ್ಕೊಳ್ತಾವೆ.”

“ತೊಂದ್ರೆ ಇಲ್ದಿದ್ರೂ ಲೈಸೆನ್ಸ್ ಇಲ್ವಲ್ಲ ಸಾರ್,” ಎಂದು ಚನ್ನವೀರೇಶ್ ಅರಗು ಕಾಯಿಸಿದರು. ತಾವೇ ಮುಚ್ಚಿಸಿದ ಅಂಗಡಿಯ ಮಹಜರಿಗೆ ವಿಶ್ವಾರಾಧ್ಯರು ತಮ್ಮ ದುಂಡನೆಯ ಬ್ಯಾಂಕ್ ಸಹಿ ಹಾಕಿದರು.

ಜೀಪು ಹೋದ ಮೇಲೆ ಶಶಿಕಲಾ ಅವರ ಮೆಟ್ಟಿಲ ಮೇಲೆ ಕುಸಿದು ಕುಳಿತು ಅತ್ತಳು. “ಮಗಳ ಕಾಲೇಜು ಇದರಲ್ಲೇ ನಡೀತಿತ್ತು ಸಾರ್. ಎಲ್ಲಾ ಆ ಮುನಿರಾಜುದೇ ಕೆಲಸ. ನೋಡಿದ್ರಲ್ಲ, ಮುಖ ಎತ್ತಿದ್ನಾ? ಅವನ ಗಾಡಿ ನಿಂತಿರೋ ಸೈಟು ನಮ್ಮಣ್ಣಂದು. ನಾಳೆನೇ ಎತ್ತಿಸ್ತೀನಿ.”

“ಮುನಿರಾಜು ಅಲ್ಲಮ್ಮ.”

“ಮತ್ಯಾರು?”

ಷಟರಿನ ಮೇಲೆ ಅರಗು ಇನ್ನೂ ಹಸಿಯಾಗಿತ್ತು.

“ನಾನು.”

ಅವಳು ಅವರನ್ನೇ ನೋಡಿದಳು. ಆಮೇಲೆ, ಅಷ್ಟು ಅತ್ತ ಮುಖದಲ್ಲೇ ನಕ್ಕಳು. “ಇನ್ನೊಬ್ರನ್ನ ಉಳಿಸೋಕೆ ಹಿಂಗೆಲ್ಲ ಮೈಮೇಲೆ ಹಾಕ್ಕೋಬೇಡಿ ಸಾರ್. ಈ ಬೀದೀಲಿ ನಮ್ಮ ಪರ ಮಾತಾಡ್ದೋರು ನೀವೊಬ್ರೇ. ದೊಡ್ಡ ಮನಸ್ಸು ನಿಮ್ದು.”

ಇನ್ನೊಂದು ಸಲ ಹೇಳಿದ್ದರೆ ನಂಬುತ್ತಿದ್ದಳು. ಅದು ವಿಶ್ವಾರಾಧ್ಯರಿಗೂ ಗೊತ್ತಿತ್ತು. ಹೇಳಲೆಂದೇ ಬಾಯಿ ತೆರೆದರು.

“ಒಂದ್ಲೋಟ ಕಾಫಿ ಕುಡೀತೀರಾ?”

ಮರುದಿನ ಮುನಿರಾಜು ಕೆಂಡ ಚೆಲ್ಲಿ, ಗಾಡಿ ತಳ್ಳಿಕೊಂಡು ಬೀದಿ ದಾಟುವಾಗ ವಿಶ್ವಾರಾಧ್ಯರು ಹಿತ್ತಲಿನಲ್ಲಿದ್ದರು. ಅಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ.