ಇಲ್ಲಿ ಯಾರೂ ಆಡುವುದಿಲ್ಲ

ಆಷಾಢದ ಜಿಟಿಜಿಟಿ ಮಳೆಗೆ ಕಪ್ಪು ಮಣ್ಣು ಕಾಲಿಗೆ ಮೆತ್ತಿ ಒಂದೊಂದು ಹೆಜ್ಜೆಯೂ ಭಾರವಾಗಿತ್ತು. ಶಲವಡಿ ಸೀಮೆಯ ಆ ಹೊಲದಲ್ಲಿ ಹನ್ನೆರಡು ಹೆಂಗಸರು ಬಗ್ಗಿದ ಬೆನ್ನು ಎತ್ತದೆ ಸಾವಕಾರ ಕುಬೇರಪ್ಪನ ಮೆಣಸಿನ ಗಿಡಗಳ ನಡುವೆ ಕಳೆ ಕೀಳುತ್ತಿದ್ದರು. ಮೈಲಾರವ್ವನ ಬೆರಳ ಸಂದಿಗಳು ನೀರಿಗೆ ಕೊಳೆತು ಉರಿಯುತ್ತಿದ್ದವು. ಆಗ ಬದುವಿನ ಮೇಲೆ ಕೊಡೆ ಹಿಡಿದು ಇಬ್ಬರು ಬಂದು ನಿಂತರು. ಒಬ್ಬ ಕುಬೇರಪ್ಪ, ಇನ್ನೊಬ್ಬ ದೊಡ್ಡ ಕರೆಂಟಿನ ಕಂಬ ನಿಲ್ಲಿಸಲು ಬಂದ ಲೈನಿನ ಸಾಹೇಬ.

ಸಾಹೇಬನ ಕೈಯಲ್ಲಿ ಅಚ್ಚು ಹಾಕಿದ ಫಾರಂ ಇತ್ತು. ಲೈನು ಹಾಯುವಲ್ಲಿ ಜನರಿಗೆ ಏನೇನು ತೊಂದರೆ ಎಂದು ಅದರಲ್ಲಿ ತುಂಬಬೇಕು. ಊರಾಚೆಯ ಗೋಮಾಳದಲ್ಲಿ ನಿಂತಿದ್ದ ಹುಣಸೆಮರದತ್ತ ಪೆನ್ನು ತೋರಿಸಿ ಮೈಲಾರವ್ವನನ್ನು ಕೇಳಿದ.

"ಆ ಮರದ ಹತ್ತಿರ ನೀವು ಯಾರಾದರೂ ಆಟ ಆಡ್ತೀರಾ?"

ಕೈಯಲ್ಲಿ ಕಳೆ ಹಿಡಿದು, ಕೂಲಿ ಕೊಡುವವನ ಎದುರು, ಆಡುತ್ತೇವೆ ಎಂದು ಯಾವ ಕೂಲಿಯವಳು ಹೇಳಿಯಾಳು? ಹಿಂದಿನ ವಾರವಷ್ಟೇ, ನಗುತ್ತ ಮಾತಾಡಿದಳೆಂದು ಒಬ್ಬಳನ್ನು ಕುಬೇರಪ್ಪ ನಡುಮಧ್ಯಾಹ್ನ ಮನೆಗೆ ಅಟ್ಟಿದ್ದ.

"ಆಟಾ ಎಲ್ಲೀದ್ರಿ ಸಾಹೇಬ್ರ? ನಾವು ದುಡಿಯೂ ಮಂದಿ. ಇಲ್ಲಿ ಯಾರೂ ಆಡೂದಿಲ್ರಿ."

ಸಾಹೇಬ ಬರೆದುಕೊಂಡ. ಅವಳ ಕೆಸರು ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒತ್ತಿಸಿಕೊಂಡ. ಕುಬೇರಪ್ಪ ಮೀಸೆಯಲ್ಲೇ ನಕ್ಕ. ಒಳ್ಳೆಯ ಮಾತು ಆಡಿದೆನೆಂದು ಅವಳೂ ಹಿಗ್ಗಿದಳು, ಹುಚ್ಚಿ!

ಎಂಟು ದಿನದಲ್ಲಿ, ಲೈನಿಗೆಂದು ಕುಬೇರಪ್ಪನ ಹೊಲದಲ್ಲಿ ನೆಟ್ಟಿದ್ದ ಗೂಟಗಳೆಲ್ಲ ಕಿತ್ತು, ಯಾರಿಗೂ ತೊಂದರೆಯಿಲ್ಲವೆಂದು ಬರೆಸಿಕೊಂಡ ಗೋಮಾಳಕ್ಕೆ ಬಂದವು. ಹುಣಸೆಮರದ ಬೊಡ್ಡೆಗೆ ಕಡಿಯಲೆಂದು ಕೆಂಪು ಬಣ್ಣದ ಗುರುತು ಬಿತ್ತು. ಮೈಲಾರವ್ವನಿಗೆ ಅನ್ನ ಇಳಿಯಲಿಲ್ಲ. ಆ ಬಯಲುಸೀಮೆಯಲ್ಲಿ ಜೋಕಾಲಿಯ ಭಾರ ತಡೆಯುವ ಮರ ಅದೊಂದೇ. ನಾಗರ ಪಂಚಮಿಗೆ ಗಂಡನ ಮನೆಯಿಂದ ಬಂದ ಹೆಣ್ಣುಮಕ್ಕಳು, ವರ್ಷವಿಡೀ ನೆಲ ನೋಡಿ ದುಡಿದ ಕೂಲಿಯವರು, ಎಲ್ಲರೂ ಜೀಕುತ್ತಿದ್ದುದು ಅಲ್ಲೇ. ಅವಳ ಅವ್ವ ಜೀಕಿದ ಕೊಂಬೆಯಲ್ಲಿ ಹಗ್ಗ ತೀಡಿದ ಗುರುತು ಇನ್ನೂ ಇತ್ತು. ಕುಬೇರಪ್ಪನ ಮನೆಯವರಿಗೇನು, ಪಡಸಾಲೆಯಲ್ಲೇ ಹಿತ್ತಾಳೆ ಸರಪಳಿಯ ತೂಗುಮಣೆ ಇದೆ.

ಪಂಚಮಿಯ ದಿನ ಅಲ್ಲಿ ಯಾರೂ ನೆಲ ಅಗೆಯುವುದಿಲ್ಲ, ಮರಕ್ಕೆ ಕೊಡಲಿ ಹಚ್ಚುವುದಿಲ್ಲ. ಹೊರಗಿನವನಾದ ಸಾಹೇಬನಿಗೆ ಅದೇನು ಗೊತ್ತು! ಕುಬೇರಪ್ಪನಿಗೆ ಗೊತ್ತಿತ್ತು, ಬಾಯಿ ಬಿಡಲಿಲ್ಲ. ಹೆಂಗಸರು ಜೋಕಾಲಿ ಕಟ್ಟಿ ಉಂಡಿ ಹಂಚುತ್ತಿರುವಾಗಲೇ ಜೀಪು ಬಂತು. ಸಾಹೇಬನ ಹಿಂದೆ ಕುಬೇರಪ್ಪ, ಅವನ ಹಿಂದೆ ಕಟ್ಟಿಗೆ ಕಡಿಯುವ ರಸೂಲಸಾಬ.

"ಇಳೀರಿ ಎಲ್ಲಾರೂ," ಎಂದ ಕುಬೇರಪ್ಪ.

ಜೋಕಾಲಿಯ ಮೇಲಿದ್ದವಳು ರಸೂಲಸಾಬನ ಹೆಂಡತಿ ರಜಿಯಾಬಿ. ಕಳೆಯ ಸಾಲಿನಲ್ಲಿ ಮೈಲಾರವ್ವನ ಪಕ್ಕದವಳು. ಅವಳು ಇಳಿಯಲು ಕಾಲು ಊರಿದಳು. ಮೈಲಾರವ್ವ ಓಡಿಬಂದು ಜೋಕಾಲಿಯ ಹಗ್ಗ ಹಿಡಿದಳು.

"ಇಳೀಬ್ಯಾಡ ರಜಿಯಾ! ನಿಂದರಸಬ್ಯಾಡ. ನಾ ತೂಗತೇನಿ."

"ರಸೂಲಾ, ಕೊಡ್ಲಿ ಹಚ್ಚಲೇ!" ಎಂದು ಕುಬೇರಪ್ಪ ಕೂಗಿದ.

ರಸೂಲಸಾಬ ಮರ ನೋಡಿದ, ಮೇಲೆ ಹೋಗಿ ಕೆಳಗೆ ಬರುವ ಹೆಂಡತಿಯನ್ನು ನೋಡಿದ. "ಕಟ್ಟಿಗಿ ಒಡೀಲಿಕ್ಕೆ ಅಂತ ಕರಕೊಂಡ ಬಂದ್ರಿ. ನಮ್ಮಪ್ಪಾನೂ ಪಂಚಮಿ ದಿನಾ ಕೊಡ್ಲಿ ಮುಟ್ಟಿಲ್ರಿ," ಎಂದು ಕೊಡಲಿ ಕೆಳಗಿಟ್ಟು ಅದರ ಹಿಡಿಯ ಮೇಲೆ ಕುಳಿತ.

ಸಾಹೇಬ ಫಾರಂ ತೆಗೆದ. "ಏನಮ್ಮಾ, ಯಾರೂ ಆಡುವುದಿಲ್ಲ ಅಂತ ನೀನೇ ಹೆಬ್ಬೆಟ್ಟು ಒತ್ತಿದ್ದೀಯಲ್ಲ?"

ಮೈಲಾರವ್ವನಿಗೆ ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಮರಕ್ಕೆ ಕೊಡಲಿ ತಂದದ್ದು ತನ್ನದೇ ಹೆಬ್ಬೆಟ್ಟು.

"ಒತ್ತೇನ್ರಿ. ಅವತ್ತ ಸಾವಕಾರ ಬಾಜೂಕ ನಿಂತಿದ್ದ, ಅಂಜಿ ಸುಳ್ಳ ಹೇಳಿದೆ. ಇವತ್ತೂ ನಿಂತಾನ. ಈಗ ಕೇಳ್ರಿ."

"ಮೈಲಾರಿ, ನಾಲಿಗಿ ಬಿಗಿ ಹಿಡಿ," ಎಂದ ಕುಬೇರಪ್ಪ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ರಜಿಯಾಬಿಗೆ ಎದುರಾಗಿ ಮಣೆ ಹತ್ತಿ ನಿಂತಳು. ಇಬ್ಬರೂ ಜೀಕಿದರು. ಮೇಲಿನಿಂದಲೇ ಕೂಗಿದಳು: "ಬರಕೋರಿ ಸಾಹೇಬ್ರ! ಇಲ್ಲಿ ಆಡತಾರ. ಮೈಲಾರವ್ವ ಆಡತಾಳ!"

"ರಜಿಯಾಬಿ!"

"ಹನಮವ್ವ! ನಂದೂ ಬರಕೋರಿ!"

ಸುತ್ತ ನಿಂತವರು ಒಬ್ಬೊಬ್ಬರಾಗಿ ಹೆಸರು ಹೇಳತೊಡಗಿದರು. ಕೂಲಿಗೆ ಕರೆಯುವಾಗ "ಏ ಇಕಿ" ಎನ್ನಿಸಿಕೊಂಡವರೆಲ್ಲ ತಂದೆಯ ಹೆಸರು ಸೇರಿಸಿ ಹೇಳಿದರು. ಸಾಹೇಬ ಕುಬೇರಪ್ಪನ ಮುಖ ನೋಡಿದ. ಪೆನ್ನಿನ ಟೋಪಿ ಇನ್ನೂ ತೆಗೆದಿರಲಿಲ್ಲ.

"ನಾಳಿಂದ ನಿಮ್ಮಲ್ಲಿ ಒಬ್ಬಾಕಿನೂ ನನ್ನ ಹೊಲಕ್ಕ ಕಾಲಿಡಬ್ಯಾಡ್ರಿ!" ಎಂದ ಕುಬೇರಪ್ಪ. ಹೊಲದ ಉಳಿದ ಸಾಲುಗಳಲ್ಲಿ ಕಳೆ ಮೆಣಸಿನ ಗಿಡಕ್ಕಿಂತ ಎತ್ತರ ಬೆಳೆದಿದೆಯೆಂದು ಅವನಿಗೂ ಗೊತ್ತು, ಅವರಿಗೂ ಗೊತ್ತು.

"ಬರೂದಿಲ್ಲ ಬಿಡ್ರಿ ಸಾವಕಾರ್ರ," ಎಂದಳು ಮೈಲಾರವ್ವ, ಮಣೆಯನ್ನು ಇನ್ನಷ್ಟು ಒತ್ತಿ. "ನಾಳೇನೂ ಆಡತೇವಿ."